ಚಕ್ರವನ್ನು ಕಳಚಿ ತೋರಿಸಲಿ

ಹಳೆಯ ಕಾರುಗಳ ಪ್ರದರ್ಶನಕ್ಕೆ ಹೋದವರ ಕಣ್ಣನ್ನು ಮೊದಲು ಸೆಳೆಯತಕ್ಕವು ಬಹುಮಟ್ಟಿಗೆ ತಂತಿಚಕ್ರಗಳೇ. ಎಂ.ಜಿ.ಬಿ.ಯಲ್ಲಿ 60, ಜಾಗ್ವಾರ್ ಇ-ಟೈಪಿನಲ್ಲಿ 72 ಉಕ್ಕಿನ ಕಡ್ಡಿಗಳು ಒಂದನ್ನೊಂದು ಹಾಯ್ದು ಹೆಣೆದುಕೊಂಡಿರುವ ಆ ವಿನ್ಯಾಸವೂ, ಅದರ ನಟ್ಟನಡುವೆ ಕ್ರೋಮಿಯಂ ಲೇಪದಿಂದ ಥಳಥಳಿಸುವ ಎರಡು ಕಿವಿಗಳ ನಟ್, ಎಂದರೆ ಸ್ಪಿನ್ನರ್, ಎಂಬುದೂ ಸೇರಿ ನಿಂತ ಗಾಡಿಗೂ ಒಂದು ವೇಗದ ಭಾವವನ್ನು ಕೊಡುತ್ತವೆ. ಅದನ್ನು ಮೆಚ್ಚಿ ಮುಂದೆ ಸಾಗುವ ಪ್ರೇಕ್ಷಕನನ್ನು ನಾನು ಆಕ್ಷೇಪಿಸಲಾರೆ. ಆದರೆ ಗಾಡಿಯ ಒಡೆಯನೂ ಅಷ್ಟರಲ್ಲಿಯೇ ತೃಪ್ತನಾಗಿ, ವರ್ಷಾನುವರ್ಷ ಆ ನಟ್ಟನ್ನು ಉಜ್ಜಿ ಹೊಳೆಯಿಸುತ್ತ, ಒಮ್ಮೆಯೂ ಅದನ್ನು ಬಿಚ್ಚದೆ ಇರುವುದು ಆ ವಸ್ತುವಿನ ಸೌಂದರ್ಯಕ್ಕೂ ಅದನ್ನು ನಂಬಿ ಕುಳಿತವರ ಪ್ರಾಣಕ್ಕೂ ಏಕಕಾಲದಲ್ಲಿ ಎಸಗಿದ ಅಪಚಾರವೆಂಬುದು ನನ್ನ ದೃಢವಾದ ಅಭಿಪ್ರಾಯ.

ಏಕೆಂದರೆ ಸ್ಪಿನ್ನರು ಅಲಂಕಾರಕ್ಕಾಗಿ ಹುಟ್ಟಿದುದಲ್ಲ. ಮೋಟಾರುಗಳ ಆರಂಭಕಾಲದಲ್ಲಿ ಟೈರು ತೂತಾಯಿತೆಂದರೆ ಧೂಳಿನ ದಾರಿಯಲ್ಲಿಯೇ ಕುಳಿತು, ಗಾಡಿಗೆ ಬಿಗಿದಿದ್ದ ಚಕ್ರದಿಂದ ಟೈರನ್ನು ಸುಲಿದು ತೇಪೆ ಹಾಕಬೇಕಾಗಿತ್ತು. ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಸೈಕಲುಗಳನ್ನು ಮಾಡುತ್ತಿದ್ದ ರಡ್ಜ್-ವಿಟ್‌ವರ್ತ್ ಕಂಪೆನಿಯ ಜಾನ್ ಪ್ಯೂ ಎಂಬಾತ, ಚಕ್ರವನ್ನೇ ಇಡಿಯಾಗಿ ಕಳಚಿ ಮತ್ತೊಂದನ್ನು ತೊಡಿಸುವ ಉಪಾಯವನ್ನು ರೂಪಿಸಿ ಈ ಸಂಕಟವನ್ನು ನಿವಾರಿಸಿದ. 1908ರ ಫ್ರೆಂಚ್ ಗ್ರ್ಯಾಂಡ್ ಪ್ರಿ ಪಂದ್ಯದಲ್ಲಿ ಕಳಚುವ ಚಕ್ರಗಳಿಗೆ ಅನುಮತಿಯಿಲ್ಲವೆಂದಾಗ ಇಂಗ್ಲೆಂಡಿನ ನೇಪಿಯರ್ ತಂಡವು ಪಂದ್ಯದಿಂದಲೇ ಹಿಂದೆ ಸರಿಯಿತು. ಕಳಚುವ ಚಕ್ರದ ಪ್ರಯೋಜನ ಎಷ್ಟೆಂಬುದು ವಿರೋಧಿಸಿದವರಿಗೂ ಬಳಸಿದವರಿಗೂ ಸಮನಾಗಿ ತಿಳಿದಿತ್ತೆಂದು ಇದರಿಂದ ಊಹಿಸಬಹುದು. ಮುಂದೆ 1922ರಲ್ಲಿ ಇಟಲಿಯ ಮಿಲಾನಿನ ಕಾರ್ಲೊ ಬೊರ್ರಾನಿ ಇದರ ತಯಾರಿಕೆಯ ಪರವಾನಗಿ ಪಡೆದ. ಫೆರಾರಿ ಕಾರುಗಳ ಪ್ರಖ್ಯಾತ ತಂತಿಚಕ್ರಗಳು ಆ ಕಾರ್ಖಾನೆಯವು.

ಈ ರಚನೆಯ ಯುಕ್ತಿಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಅಚ್ಚಿನ ತುದಿಯ ನಾಭಿಯ ಮೇಲೆ, ಎಂದರೆ ಮೆಕ್ಯಾನಿಕ್ಕುಗಳು ಹಬ್ ಎನ್ನುವ ಭಾಗದ ಮೇಲೆ, ಉದ್ದಕ್ಕೂ ಹಲ್ಲುಗಳನ್ನು ಕೊರೆದಿರುತ್ತಾರೆ. ಚಕ್ರದ ಒಳಗಣ ಹಲ್ಲುಗಳು ಅವುಗಳೊಡನೆ ಕೂಡಿಕೊಂಡು ಎಂಜಿನ್ನಿನ ಎಳೆತವನ್ನೂ ಬ್ರೇಕಿನ ತಡೆಯನ್ನೂ ಹೊರುತ್ತವೆ. ಚಕ್ರವನ್ನು ಒಳಗಿನ ಶಂಕುವಿನಾಕಾರದ ಪೀಠಕ್ಕೆ ಒತ್ತಿ ನಿಲ್ಲಿಸುವುದಷ್ಟೇ ನಟ್ಟಿನ ಕಾರ್ಯ. ಎತ್ತಿನ ಗಾಡಿಯಲ್ಲಿ ಕಡಾಣಿಯು ಚಕ್ರವನ್ನು ಜಾರದಂತೆ ತಡೆದು ಸುಮ್ಮನಿರುತ್ತದೆ. ಈ ನಟ್ಟಾದರೋ ಗಾಡಿ ಓಡಿದಷ್ಟೂ ತಾನೇ ಬಿಗಿಯಾಗತಕ್ಕದ್ದು. ನಟ್ಟಿನ ಒಳಗಣ ಶಂಕುವು ಚಕ್ರದ ಹೊರಗಣ ಶಂಕುವಿಗಿಂತ ಕೂದಲೆಳೆಯಷ್ಟು ದೊಡ್ಡದು; ಗಾಡಿಯ ಭಾರ ಬಿದ್ದಾಗ ಚಕ್ರವು ಅದರೊಳಗೆ ಅಲ್ಪಸ್ವಲ್ಪ ಹೊರಳುತ್ತ ಸಾಗುವುದರಿಂದ ನಟ್ ಚಕ್ರಕ್ಕಿಂತ ತುಸುತುಸುವೇ ಹಿಂದೆ ಬೀಳುತ್ತದೆ. ಹೀಗೆ ಹಿಂದೆ ಬೀಳುವಿಕೆಯೇ ಬಿಗಿತವಾಗಿ ಪರಿಣಮಿಸಲೆಂದು ಗಾಡಿಯ ಬಲಪಾರ್ಶ್ವದ ನಟ್ಟುಗಳಿಗೆ ಎಡತಿರುಪನ್ನೂ ಎಡಪಾರ್ಶ್ವದವಕ್ಕೆ ಬಲತಿರುಪನ್ನೂ ಕೊಟ್ಟಿದ್ದಾರೆ. ಯಾವ ಪಾರ್ಶ್ವದಲ್ಲಿ ನಿಂತರೂ ನಟ್ಟಿನ ಮೇಲ್ಭಾಗವನ್ನು ಗಾಡಿಯ ಮುಂದಕ್ಕೆ ಹೊಡೆದರೆ ಸಡಿಲ, ಹಿಂದಕ್ಕೆ ಹೊಡೆದರೆ ಬಿಗಿ. ರಿಪೇರಿಯ ನೆಪದಲ್ಲಿ ಎಡದ ಹಬ್ಬನ್ನು ಬಲಕ್ಕೆ ಜೋಡಿಸಿದರೆ ಮಾತ್ರ ಇದೇ ನಿಯಮ ವೈರಿಯಾಗಿ, ಓಡುತ್ತ ಓಡುತ್ತ ಚಕ್ರವನ್ನು ಕಳಚಿಹಾಕುತ್ತದೆ. ಅಂಗುಲಕ್ಕೆ 12 ಸುತ್ತುಗಳಿರುವ ತಿರುಪೂ 8 ಸುತ್ತುಗಳಿರುವ ತಿರುಪೂ ಎಂ.ಜಿ.ಬಿ. ಒಂದರಲ್ಲಿಯೇ ಬಂದಿರುವುದರಿಂದ, ನೋಡಲು ಒಂದೇ ಬಗೆಯಾಗಿ ಕಾಣುವ ನಟ್ಟುಗಳನ್ನು ಅದಲುಬದಲು ಮಾಡುವವರೂ ಎಚ್ಚರದಿಂದಿರಬೇಕು.

ಬಿಚ್ಚುವ ಕೆಲಸಕ್ಕೆ ಬಲಕ್ಕಿಂತ ವಿವೇಚನೆ ಹೆಚ್ಚು ಬೇಕು. ಉಕ್ಕಿನ ಸುತ್ತಿಗೆಯನ್ನು ಸ್ಪಿನ್ನರಿನ ಹತ್ತಿರ ತರಲೇಕೂಡದು. ಸೀಸದ ಸುತ್ತಿಗೆಯೋ, ಒಂದು ಮುಖ ತಾಮ್ರ ಮತ್ತೊಂದು ಮುಖ ಹಸಿದೊಗಲಿನದಾದ ಸುತ್ತಿಗೆಯೋ ಇದಕ್ಕೆ ತಕ್ಕದ್ದು. ಕಿವಿಗಳ ಆಕಾರಕ್ಕೆ ಸರಿಯಾಗಿ ಕೊರೆದ ಮರದ ಹಲಗೆಗೆ ಉದ್ದನೆಯ ಹಿಡಿ ಹಚ್ಚಿ ತಿರುಗಿಸುವ ಪದ್ಧತಿಯೂ ಉಂಟು, ಲೇಪಕ್ಕೆ ಅದೇ ಹೆಚ್ಚು ಸೌಮ್ಯ. ಇತರ ಚಕ್ರಗಳಿಗೆ ಕಲ್ಲು ಕೊಟ್ಟು, ಟೈರು ನೆಲವನ್ನು ಹಗುರವಾಗಿ ಸೋಕುತ್ತಿರುವಷ್ಟರಮಟ್ಟಿಗೆ ಜಾಕನ್ನು ಏರಿಸಿ, ಕಿವಿಯ ತುದಿಗೆ ನೇರವಾಗಿ ಬೀಳುವಂತೆ ಹೊಡೆದು ಸಡಿಲಿಸಬೇಕು. ಚಕ್ರವನ್ನು ಪೂರ್ತಿ ಎತ್ತಿದ ಮೇಲೆ ಗಾಡಿಯ ಅಡಿಯಲ್ಲಿ ಭದ್ರವಾದ ಸ್ಟ್ಯಾಂಡು ಇರಲೇಬೇಕು. ಬರಿಯ ಜಾಕನ್ನು ನಂಬಿ ಸುತ್ತಿಗೆ ಬೀಸುವುದು ಅವಿವೇಕ.

ಮರಳಿ ತೊಡಿಸುವ ವಿಚಾರದಲ್ಲಿ ಬಲ್ಲವರೊಳಗೇ ಎರಡು ಪಂಗಡಗಳಿವೆ. ಗಾಡಿಯನ್ನು ಇಳಿಸಿದ ಮೇಲೆ ಬಿಗಿಯಬೇಕೆನ್ನುವವರು ಜಾಕಿನ ಭಯವನ್ನು ಮುಂದಿಡುತ್ತಾರೆ. ಭಯ ನಿರಾಧಾರವೆಂದು ನಾನು ಹೇಳುವುದಿಲ್ಲ. ಆದರೂ ಭಾರ ಬಿದ್ದ ಚಕ್ರವು ಶಂಕುವಿನ ಮೇಲೆ ತನ್ನ ಕೇಂದ್ರವನ್ನು ತಾನೇ ಹುಡುಕಿಕೊಳ್ಳಲಾರದಾದ್ದರಿಂದ, ಸ್ಟ್ಯಾಂಡಿನ ಮೇಲೆ ನಿಂತಿರುವಾಗಲೇ ಒಬ್ಬರು ಬ್ರೇಕನ್ನು ತುಳಿದು ಹಿಡಿಯಲು ಮತ್ತೊಬ್ಬರು ನಟ್ ಕದಲದಂತಾಗಿ ಪೆಟ್ಟಿನ ಸದ್ದು ಗಡುಸಾಗುವವರೆಗೆ ಬಿಗಿಯುವುದೇ ಯುಕ್ತವೆಂದು ನನಗೆ ತೋರುತ್ತದೆ. ಆಮೇಲೆ ಸ್ವಲ್ಪ ದೂರ ಓಡಿಸಿ ಇನ್ನೊಮ್ಮೆ ಪರೀಕ್ಷಿಸಬೇಕು. ತಾನೇ ಬಿಗಿಯಾಗುವ ನಟ್ಟೆಂದು ಮೊದಲೇ ಸಡಿಲಬಿಟ್ಟರೆ ಹಲ್ಲುಗಳು ಒಂದನ್ನೊಂದು ಉಜ್ಜಿ ಸವೆಯುತ್ತವೆ.

ಇಷ್ಟೆಲ್ಲ ಶ್ರಮದ ಫಲ ದೊರೆಯುವುದು ಚಕ್ರ ಕೈಗೆ ಬಂದ ಕ್ಷಣದಲ್ಲಿ. ಹಲ್ಲುಗಳ ಸುತ್ತ ಕೆಂಪು ಪುಡಿ ಕಂಡರೆ ಲೋಹವು ಲೋಹವನ್ನು ತಿನ್ನುತ್ತಿದೆಯೆಂದು ತಿಳಿಯಬೇಕು. ಹಲ್ಲಿನ ನೆತ್ತಿ ಚಪ್ಪಟೆಯಾಗಿರದೆ ಚೂಪಾಗಿದ್ದರೆ ಆ ಹಬ್ಬಿನ ಆಯುಸ್ಸು ಮುಗಿದಂತೆಯೇ ಸರಿ. ಸವೆದ ಹಬ್ಬಿಗೆ ಹೊಸ ಚಕ್ರವನ್ನು ತೊಡಿಸಿದರೆ ಹೊಸದೂ ಬೇಗನೆ ಹಾಳಾಗುತ್ತದೆ. ಬ್ರೇಕು ಹಾಕಿದಾಗಲೂ ಗಾಡಿ ಹೊರಟಾಗಲೂ ಕಟಕ್ಕೆಂಬ ಸದ್ದು ಕೇಳಿಬರುತ್ತಿದ್ದರೆ ಅದಕ್ಕೆ ಬಹುವೇಳೆ ಇದೇ ಕಾರಣ. ಹಳೆಯ ಗ್ರೀಸನ್ನು ಸೀಮೆಎಣ್ಣೆಯಿಂದ ತೊಳೆದು, ಹೊಸದನ್ನು ತೆಳುವಾಗಿ ಸವರುವುದಕ್ಕೆ ಒಂದು ಗಳಿಗೆ ಸಾಕು; ಈ ಒಂದು ಗಳಿಗೆಯನ್ನು ಬಹುಕಾಲ ಉಳಿಸಿಕೊಂಡವನ ಚಕ್ರವು ತುಕ್ಕಿನಿಂದ ಹಬ್ಬಿಗೆ ಕಚ್ಚಿಕೊಂಡು, ತೂತಾದ ಟೈರಿನೊಡನೆ ಅವನನ್ನು ಹೆದ್ದಾರಿಯಲ್ಲಿ ನಿಲ್ಲಿಸುತ್ತದೆ.

ಕಿವಿಗಳ ವಿಚಾರವಾಗಿಯೂ ಒಂದು ಮಾತು. ಚಕ್ರದಿಂದ ಹೊರಚಾಚಿದ ಈ ಕಿವಿಗಳು ಪಾದಚಾರಿಗಳಿಗೂ ಸೈಕಲ್ ಸವಾರರಿಗೂ ಅಪಾಯಕರವೆಂದು ಅಮೆರಿಕದ ಸುರಕ್ಷತಾ ನಿಯಮವು 1968ರಿಂದ ಅವನ್ನು ಹೊಸ ಕಾರುಗಳಲ್ಲಿ ನಿಷೇಧಿಸಿತು. ಅಷ್ಟಕೋನದ ನಟ್ಟುಗಳು ಬಳಕೆಗೆ ಬಂದವು. 1996ರಲ್ಲಿ ಆ ನಿಯಮವನ್ನು ರದ್ದುಪಡಿಸಿದರೂ, ಅದರ ಹಿಂದಿದ್ದ ಕಾಳಜಿ ನ್ಯಾಯವಾದುದೇ. ಜನಸಂದಣಿಯ ಬೀದಿಗಳಲ್ಲಿ ಗಾಡಿ ಓಡಿಸುವವರು ಚೆಲುವು ಕಡಿಮೆಯಾದರೂ ಅಷ್ಟಕೋನವನ್ನೇ ಧರಿಸುವುದು ಲೇಸು.

ಇನ್ನು ಪ್ರದರ್ಶನಗಳನ್ನು ನಡೆಸುವವರಲ್ಲಿ ನನ್ನ ವಿಜ್ಞಾಪನೆ. ಅಮೆರಿಕದ ಪೆಬಲ್ ಬೀಚಿನಲ್ಲಿ 1950ರಿಂದ ನಡೆದುಬಂದಿರುವ ಸ್ಪರ್ಧೆಯಿಂದ ಹಿಡಿದು ನಮ್ಮ ಬೆಂಗಳೂರಿನ ರ‍್ಯಾಲಿಗಳವರೆಗೆ, ಬಹುಮಾನ ಕೊಡುವಲ್ಲೆಲ್ಲ, ತಂತಿಚಕ್ರದ ಗಾಡಿಯಾದರೆ ತೀರ್ಪುಗಾರರು ತಾವು ಆರಿಸಿದ ಒಂದು ಚಕ್ರವನ್ನು ಒಡೆಯನಿಂದಲೇ ಕಳಚಿಸಿ, ಹಲ್ಲುಗಳನ್ನೂ ಶಂಕುಗಳನ್ನೂ ನೋಡಿ, ಅವನಿಂದಲೇ ಮರಳಿ ತೊಡಿಸಲಿ. ಬಣ್ಣಕ್ಕೂ ಲೇಪಕ್ಕೂ ಮೀಸಲಾದ ಅಂಕಗಳಲ್ಲಿ ಒಂದು ಪಾಲು ಇದಕ್ಕೆ ಸಲ್ಲಲಿ. ಕಿವಿಗಳ ಮೇಲೆ ಸೀಸದ ಸುತ್ತಿಗೆ ಬಿಟ್ಟ ಮಾಸಲು ಗುರುತುಗಳನ್ನು ದೋಷವೆಂದು ಎಣಿಸಿ ಅಂಕ ಕಳೆಯುವ ಪದ್ಧತಿ ಎಲ್ಲಿಯಾದರೂ ಇದ್ದರೆ ಅದನ್ನು ಈ ವರ್ಷವೇ ಕೈಬಿಡಲಿ.