ಕಾಣದ ಗುರು ಡಾ. ಕೋಲ್ಮನ್



ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ ಮತ್ತು ಸುಣ್ಣದ ದ್ರಾವಣ ಹೊಡೆಯಬೇಕೆಂಬುದು ಸಂಪಾಜೆ, ಪೆರಾಜೆ, ಚೆಂಬು ಕಡೆಯ ಬೆಳೆಗಾರರಿಗೆ ಇಂದು ಯಾರೂ ಹೇಳಿಕೊಡಬೇಕಾದ ಮಾತಲ್ಲ. ಆದರೆ ಆ ನೀಲಿ ನೀರನ್ನು ಕನ್ನಡನಾಡಿನ ಅಡಿಕೆ ತೋಟಕ್ಕೆ ತಂದವರು ಯಾರು? ನಿಮ್ಮ ಊರಿನ ವಾಚನಾಲಯದಲ್ಲಿ ಈ ಪುಟ ಓದುತ್ತಿರುವವರಲ್ಲಿ ಎಷ್ಟು ಮಂದಿ ಆ ಹೆಸರು ಹೇಳಬಲ್ಲಿರಿ? ಬಿ.ಎಸ್ಸಿ. ಕೃಷಿ ಪದವಿ ಪಡೆದು ಕೆಲಸಕ್ಕೆ ಸೇರಿದಾಗ ನಾನೂ ಹೇಳಲಾರದವನೇ ಆಗಿದ್ದೆ.

ನನಗೆ ಹೇಳಿದವರು ನನ್ನ ಮೊದಲ ಮೇಲಧಿಕಾರಿ. ಅವರು ಈಗಿಲ್ಲ. ಕೆಲಸಕ್ಕೆ ಸೇರಿದ ಮೊದಲ ಮಳೆಗಾಲ, ಒಬ್ಬ ರೈತರ ಕರಿಮೆಣಸಿನ ಬಳ್ಳಿಗೆ ನಾನೇ ಮುಂದೆ ನಿಂತು ಬೋರ್ಡೋ ದ್ರಾವಣ ಮಾಡಿಸಿದೆ. ತೂಕವೆಲ್ಲ ಪುಸ್ತಕದ ಪ್ರಕಾರ ಸರಿಯಾಗಿಯೇ ಇತ್ತು. ಆದರೆ ಸುಣ್ಣ ಹಳೆಯದು, ಗಾಳಿಗೆ ಸತ್ತು ಹೋದದ್ದು; ಅದನ್ನು ನಾನು ನೋಡಲಿಲ್ಲ. ನಾಲ್ಕು ದಿನಕ್ಕೆ ಚಿಗುರೆಲೆಗಳ ಅಂಚು ಸುಟ್ಟಂತಾಯಿತು. ರೈತರು ಏನೂ ಅನ್ನಲಿಲ್ಲ, ಕಾಫಿ ಕೊಟ್ಟರು. ಬೈದಿದ್ದರೇ ಮೇಲಿತ್ತು.

ಮೇಲಧಿಕಾರಿ ಬಂದರು. ಮತ್ತೊಮ್ಮೆ ದ್ರಾವಣ ಮಾಡಿಸಿ, ರೈತರ ಕತ್ತಿಯನ್ನೇ ಕೇಳಿ ಪಡೆದು ಅದರಲ್ಲಿ ಅದ್ದಿದರು. ಹೊರತೆಗೆದಾಗ ಅಲಗಿನ ಮೇಲೆ ಕೆಂಪು ತಾಮ್ರ ಕೂತಿತ್ತು. ಸುಣ್ಣದ ತಿಳಿ ಇನ್ನಷ್ಟು ಸೇರಿಸಿದರು, ಮತ್ತೆ ಅದ್ದಿದರು, ಕೆಂಪು ಬರದಾಗ ಸಾಕೆಂದರು. ಆ ಸಂಜೆ ಜಗಲಿಯಲ್ಲಿ ಕೂತು ಅವರು ಕೋಲ್ಮನ್ನರ ಕಥೆ ಹೇಳಿದರು. ನನ್ನ ವೃತ್ತಿ ನಿಜವಾಗಿ ಶುರುವಾದದ್ದು ಆ ಜಗಲಿಯಲ್ಲಿ.

ಡಾ. ಲೆಸ್ಲಿ ಕೋಲ್ಮನ್ ಕೆನಡಾ ದೇಶದವರು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದದ್ದು ಬೆಳೆಗಳ ಕೀಟ ಮತ್ತು ಶಿಲೀಂಧ್ರ ರೋಗಗಳ ತಜ್ಞರಾಗಿ. ಆಗ ಮಲೆನಾಡಿನ ಅಡಿಕೆ ಬೆಳೆಗಾರನಿಗೆ ಕೊಳೆರೋಗವೆಂದರೆ ಹಣೆಬರಹ. ಮಳೆ ಹಿಡಿಯುವ ಮುನ್ನ ಮರ ಹತ್ತಿ ಗೊನೆಗೆ ಕೊಟ್ಟೆ ಕಟ್ಟುವುದೊಂದೇ ಅವನಿಗೆ ಗೊತ್ತಿದ್ದ ದಾರಿ. ಕೊಟ್ಟೆ ಕಟ್ಟುವವರ ಬುದ್ಧಿಯನ್ನು ನಾವು ಹಗುರಾಗಿ ಕಾಣಬಾರದು. ಗೊನೆ ನೆನೆಯದಿದ್ದರೆ ರೋಗ ಬಾರದೆಂಬುದನ್ನು ಅವರು ಕಂಡುಕೊಂಡಿದ್ದರು. ಏಕೆ ಬಾರದು ಎಂಬುದನ್ನು ಕೋಲ್ಮನ್ ಕಂಡುಕೊಂಡರು. ನೀರಿನ ಹನಿಯಲ್ಲಿ ಹರಡುವ ಫೈಟಾಫ್ತೊರಾ ಎಂಬ ಶಿಲೀಂಧ್ರವೇ ಇದಕ್ಕೆ ಕಾರಣವೆಂದು 1910ರ ತಮ್ಮ ವರದಿಯಲ್ಲಿ ವಿವರಿಸಿದರು.

ಮದ್ದು ಮಾತ್ರ ಅವರು ಹುಟ್ಟಿಸಿದ್ದಲ್ಲ. ಫ್ರಾನ್ಸಿನ ಬೋರ್ಡೋ ಪ್ರಾಂತದಲ್ಲಿ, ದಾರಿಹೋಕರು ಹಣ್ಣು ಕೀಳದಿರಲೆಂದು ರಸ್ತೆ ಬದಿಯ ದ್ರಾಕ್ಷಿಗೆ ತುತ್ತ ಮತ್ತು ಸುಣ್ಣ ಎರಚುತ್ತಿದ್ದರಂತೆ. ಆ ಬಳ್ಳಿಗಳಿಗೆ ರೋಗ ಕಡಿಮೆಯಾದದ್ದನ್ನು ಮಿಲಾರ್ಡೆ ಎಂಬ ವಿಜ್ಞಾನಿ ಗಮನಿಸಿ, 1885ರಲ್ಲಿ ಮದ್ದನ್ನು ಲೋಕಕ್ಕೆ ತಿಳಿಸಿದರು. ಕಳ್ಳರ ಭಯದಿಂದಲೂ ವಿಜ್ಞಾನಕ್ಕೆ ಲಾಭವಾಗುವುದುಂಟು! ಆದರೆ ದ್ರಾಕ್ಷಿಯ ಮದ್ದು ನಮ್ಮ ಜಡಿಮಳೆಗೆ ತಡೆಯಬೇಕಲ್ಲ? ಕೋಲ್ಮನ್ ಅದಕ್ಕೆ ರಾಳ ಮತ್ತು ಸೋಡಾದ ಅಂಟು ಸೇರಿಸಿ ಗೊನೆಗೆ ಹಿಡಿದು ನಿಲ್ಲುವಂತೆ ಮಾಡಿದರು. ನನ್ನ ಮಟ್ಟಿಗೆ ಅವರ ದೊಡ್ಡತನ ಇರುವುದು ಈ ಅಂಟಿನಲ್ಲಿ. ಪರದೇಶದ ಮದ್ದನ್ನು ಈ ಮಳೆಯಲ್ಲಿ ನಿಂತು ನೋಡಿದವನಿಗೆ ಮಾತ್ರ ಅದು ಹೊಳೆಯುತ್ತದೆ.

ಮುಂದೆ ಅವರು ಸಂಸ್ಥಾನದ ಕೃಷಿ ನಿರ್ದೇಶಕರಾದರು. ಹೆಬ್ಬಾಳದ ಕೃಷಿ ಶಾಲೆ ಬೆಳೆದದ್ದು ಅವರ ಕಾಲದಲ್ಲಿ. 1934ರಲ್ಲಿ ನಿವೃತ್ತರಾದರು, 1954ರಲ್ಲಿ ತೀರಿಕೊಂಡರು.

ಕೊಡಗು ಆಗ ಮೈಸೂರಿಗೆ ಸೇರಿರಲಿಲ್ಲ, ಸೇರಿದ್ದು 1956ರಲ್ಲಿ. ಹಾಗಾದರೆ ನಮಗೂ ಅವರಿಗೂ ಏನು ಸಂಬಂಧವೆಂದು ನೀವು ಕೇಳಬಹುದು. ನಿಮ್ಮ ತೋಟದ ಎಸ್. 795 ಅರೇಬಿಕಾ ಗಿಡವನ್ನೇ ನೋಡಿ. ಆ ತಳಿ ಹುಟ್ಟಿದ್ದು ಬಾಳೆಹೊನ್ನೂರಿನಲ್ಲಿ. ಅಲ್ಲಿ 1925ರಲ್ಲಿ ಕಾಫಿ ಪ್ರಯೋಗ ಕೇಂದ್ರ ತೆರೆದದ್ದು ಕೋಲ್ಮನ್ನರ ಇಲಾಖೆ. ನಮ್ಮ ಚೆಟ್ಟಳ್ಳಿಯ ಉಪಕೇಂದ್ರ ಬಂದದ್ದು 1946ರಲ್ಲಿ.

ಈಗ ನನ್ನ ತಕರಾರು ಹೇಳುತ್ತೇನೆ, ಅದರಲ್ಲಿ ನಾನೂ ಆರೋಪಿಯೇ. ಇಂದು ನಮ್ಮಂಥ ಅಧಿಕಾರಿಗಳ ದಿನ ಸಹಾಯಧನದ ಅರ್ಜಿ, ಪಟ್ಟಿ, ಸಭೆಗಳಲ್ಲಿ ಕಳೆಯುತ್ತದೆ. ಮಳೆ ಶುರುವಾದರೆ ಮೊಬೈಲಿಗೆ 'ಶೇಕಡಾ 1ರ ಬೋರ್ಡೋ ಸಿಂಪಡಿಸಿ' ಎಂಬ ಸಂದೇಶ ಕಳಿಸಿ ಕೈತೊಳೆದುಕೊಳ್ಳುತ್ತೇವೆ. 1 ಕಿಲೋ ತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು ಎಂಬುದನ್ನು ಸಂದೇಶ ಹೇಳಬಲ್ಲದು. ನಿಮ್ಮ ಸುಣ್ಣ ಸತ್ತಿದೆಯೇ, ತುತ್ತವನ್ನು ಕಬ್ಬಿಣದ ಡ್ರಮ್ಮಿನಲ್ಲಿ ಕರಗಿಸಿದ್ದೀರಾ, ಸುಣ್ಣದ ನೀರಿಗೆ ತುತ್ತದ ನೀರು ಹಾಕುವ ಬದಲು ತಿರುವುಮುರುವು ಮಾಡಿದ್ದೀರಾ, ನಿನ್ನೆ ಉಳಿದದ್ದನ್ನು ಇಂದು ಹೊಡೆಯುತ್ತಿದ್ದೀರಾ? ಇದನ್ನು ತೋಟಕ್ಕೆ ಬಂದವನೇ ನೋಡಬೇಕು. ಆದ್ದರಿಂದ ಅಧಿಕಾರಿಯನ್ನು ಕಚೇರಿಯಲ್ಲಿ ಕಂಡು ಬರಬೇಡಿ, ತೋಟಕ್ಕೆ ಕರೆಯಿರಿ. ಬಂದರೆ ಕುರ್ಚಿ ಹಾಕಬೇಡಿ, ಕೈಗೆ ಪಂಪು ಕೊಡಿ.

ಹಾಗೆಂದು ಕೋಲ್ಮನ್ ಹೇಳಿದ್ದೇ ಕೊನೆಯ ಮಾತೆಂದು ನಾನು ಹೇಳುವವನಲ್ಲ. ವರ್ಷ ವರ್ಷವೂ ಹೊಡೆದ ತಾಮ್ರ ಮಣ್ಣಿನಲ್ಲಿ ಉಳಿಯುತ್ತದೆ. ಮೆಣಸಿನ ಬುಡಕ್ಕೆ ಟ್ರೈಕೋಡರ್ಮಾ ಹಾಕಿ, ಅದರ ಬೆನ್ನಿಗೇ ತಾಮ್ರದ ಮದ್ದು ಸುರಿದರೆ ಎರಡೂ ದಂಡ. 2018ರ ಆಗಸ್ಟಿನ ಮಳೆಯ ನಂತರ ನಾನು ಕಂಡ ತೋಟಗಳಲ್ಲಿ, ಬಸಿಗಾಲುವೆ ತೆರೆದಿದ್ದ ಕಡೆ ಬಳ್ಳಿ ಉಳಿದಿತ್ತು. ನೀರು ನಿಂತ ಕಡೆ ಎಷ್ಟು ಮದ್ದು ಹೊಡೆದಿದ್ದರೂ ಸೊರಗಿತ್ತು. ಮೊದಲು ಗುದ್ದಲಿ, ಆಮೇಲೆ ಪಂಪು.

ಅಡಿಕೆಗೆ ಮೊದಲ ಸಿಂಪರಣೆ ಮುಂಗಾರು ಹಿಡಿಯುವ ಮುನ್ನ ಆಗಬೇಕು, ಎರಡನೆಯದು 40-45 ದಿನಕ್ಕೆ. ಅದು ಸರಿಯಾಗಿ ಕಕ್ಕಡದ ಮಳೆಯಲ್ಲೇ ಬರುತ್ತದೆ, ಹೊಳವು ಸಿಕ್ಕ ದಿನ ಬಿಡಬೇಡಿ. ನನ್ನ ಮೇಲಧಿಕಾರಿ ನಿವೃತ್ತರಾದ ದಿನ ನಾವು ಶಾಲು ಹೊದಿಸಿದೆವು. ಅವರು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ್ದು ಒಂದೇ: 'ಆ ಮೆಣಸಿನ ತೋಟದವರ ಬಳ್ಳಿ ಈಗ ಹೇಗಿದೆ?' ಅಷ್ಟರಲ್ಲಿ ನಾನು ಅಲ್ಲಿಗೆ ಹೋಗದೆ ಎರಡು ವರ್ಷವಾಗಿತ್ತು. ಮರುದಿನ ಹೋದೆ.