ದಿಗ್ವ್ರತವೂ ವಿದೇಶ ಪ್ರವಾಸವೂ

ಬೇಸಿಗೆಯ ರಜೆ ಸಮೀಪಿಸಿತೆಂದರೆ ಅನೇಕ ಶ್ರಾವಕರ ಮನೆಗಳಲ್ಲಿ ಈಗ ಶ್ರವಣಬೆಳಗೊಳ, ಮೂಡುಬಿದಿರೆಗಳ ಜೊತೆಗೆ ಥಾಯ್ಲೆಂಡ್, ಸ್ವಿಟ್ಜರ್ಲೆಂಡ್‌ಗಳ ಮಾತೂ ಕೇಳಿಬರುತ್ತದೆ. ಇದರಲ್ಲಿ ಆಕ್ಷೇಪಿಸತಕ್ಕದ್ದು ಏನೂ ಇಲ್ಲ. ಹಡಗೇರಿ ದ್ವೀಪಾಂತರಗಳಿಗೆ ಹೋಗಿಬಂದ ಚಾರುದತ್ತ, ಶ್ರೀಪಾಲರ ಕಥೆಗಳನ್ನು ಕೇಳುತ್ತ ಬೆಳೆದ ಸಮಾಜ ನಮ್ಮದು. ನ್ಯಾಯದಿಂದ ದುಡಿದ ಗೃಹಸ್ಥನು ಮಡದಿ ಮಕ್ಕಳೊಡನೆ ನಾಲ್ಕು ದೇಶ ನೋಡಿಬರಲಿ.

ಆದರೆ ಸಿದ್ಧತೆಯ ಕ್ರಮ ಮಾತ್ರ ತಲೆಕೆಳಗಾಗಿದೆ. ಮೊದಲು ಟಿಕೆಟ್, ಬಳಿಕ ವೀಸಾ, ಆಮೇಲೆ ಬೆಚ್ಚನೆಯ ಉಡುಪು. ಎಲ್ಲವೂ ಮುಗಿದು ಹೊರಡುವ ಹಿಂದಿನ ರಾತ್ರಿ ನಿಯಮಗಳ ನೆನಪು. ಆ ಹೊತ್ತಿಗೆ ಉಳಿದಿರುವುದು ಎರಡೇ ದಾರಿ. ‘ಪ್ರವಾಸದಲ್ಲಿ ಇದೆಲ್ಲ ನಡೆಯುತ್ತದೆ’ ಎಂದು ವ್ರತವನ್ನು ಮನೆಯಲ್ಲೇ ಬಿಟ್ಟು ಹೋಗುವುದು ಒಂದು. ಹದಿನೈದು ದಿನ ಬ್ರೆಡ್ಡು ಬಾಳೆಹಣ್ಣಿನಲ್ಲಿ ಕಳೆದು, ಜೊತೆಯವರ ಸಂತೋಷವನ್ನೂ ಕೆಡಿಸಿ, ಅರ್ಧ ಜೀವವಾಗಿ ಹಿಂದಿರುಗುವುದು ಇನ್ನೊಂದು. ಮೊದಲನೆಯದನ್ನು ಜಾಣತನವೆಂದೂ ಎರಡನೆಯದನ್ನು ತಪಸ್ಸೆಂದೂ ಕರೆಯುವುದುಂಟು. ವಾಸ್ತವದಲ್ಲಿ ಎರಡೂ ಮುಂದಾಲೋಚನೆಯಿಲ್ಲದ್ದರ ಫಲ.

ಶ್ರಾವಕನಿಗೆ ಹೇಳಿದ ಗುಣವ್ರತಗಳಲ್ಲಿ ಮೊದಲನೆಯದು ದಿಗ್ವ್ರತ. ಹತ್ತು ದಿಕ್ಕುಗಳಲ್ಲಿಯೂ ಇಂತಿಷ್ಟು ದೂರದಾಚೆಗೆ ಹೋಗುವುದಿಲ್ಲವೆಂದು ಜೀವಾವಧಿ ಎಲ್ಲೆ ಕಟ್ಟಿಕೊಳ್ಳುವುದೇ ಈ ವ್ರತ. ಸಮುದ್ರ, ನದಿ, ಅಡವಿ, ಬೆಟ್ಟ, ನಾಡು, ಯೋಜನ ಇವುಗಳಲ್ಲಿ ಪ್ರಸಿದ್ಧವಾದುದನ್ನು ಎಲ್ಲೆಯಾಗಿ ಇಟ್ಟುಕೊಳ್ಳಬಹುದೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ತಿಳಿಸುತ್ತಾರೆ. ಅವರು ಹೇಳುವ ಇದರ ಫಲವಂತೂ ಬೆರಗು ಹುಟ್ಟಿಸುವಂಥದು. ಎಲ್ಲೆಯ ಹೊರಗಿನ ಕ್ಷೇತ್ರದಲ್ಲಿ ಸೂಕ್ಷ್ಮ ಪಾಪವೂ ನಿಂತುಹೋಗುವುದರಿಂದ, ಅಷ್ಟು ಭಾಗದ ಮಟ್ಟಿಗೆ ಗೃಹಸ್ಥನ ಅಣುವ್ರತಗಳು ಮಹಾವ್ರತಗಳ ಪರಿಣತಿಯನ್ನು ಹೊಂದುತ್ತವೆ. ಅಂಗಡಿಯಲ್ಲಿ ತಕ್ಕಡಿ ಹಿಡಿದು ಕುಳಿತ ವ್ಯಾಪಾರಿಯೊಬ್ಬನು ತಾನೆಂದೂ ಕಾಲಿಡದ ಭೂಭಾಗದ ಮಟ್ಟಿಗೆ ಮುನಿಯ ಸಮೀಪ ನಿಂತಿರುತ್ತಾನೆ. ಇಷ್ಟು ದೊಡ್ಡ ಸಂಪತ್ತನ್ನು ಒಂದು ರಿಯಾಯಿತಿ ದರದ ಟಿಕೆಟ್ಟಿಗಾಗಿ ಕಳೆದುಕೊಳ್ಳುವ ಮುನ್ನ ಯೋಚಿಸಬೇಕಲ್ಲವೇ?

ತತ್ತ್ವಾರ್ಥಸೂತ್ರವು ಈ ವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಮೇಲಕ್ಕೆ, ಕೆಳಕ್ಕೆ, ಅಡ್ಡಲಾಗಿ ಎಲ್ಲೆ ಮೀರುವುದು, ಕ್ಷೇತ್ರವೃದ್ಧಿ ಮತ್ತು ಸ್ಮೃತ್ಯಂತರಾಧಾನ, ಅಂದರೆ ಕಟ್ಟಿದ ಎಲ್ಲೆಯನ್ನೇ ಮರೆತುಬಿಡುವುದು. ಮೇಲೆ ಕೆಳಗೆ ಎಂಬುದನ್ನು ಹಿಂದೆ ಬೆಟ್ಟಕ್ಕೂ ಬಾವಿಗೂ ಅನ್ವಯಿಸಿ ಹೇಳುತ್ತಿದ್ದರು. ಇಂದು ವಿಮಾನವು ಹತ್ತು ಸಾವಿರ ಮೀಟರ್ ಎತ್ತರದಲ್ಲಿ ಹಾರುತ್ತದೆ. ಲಂಡನ್ನಿನಿಂದ ಪ್ಯಾರಿಸ್ಸಿಗೆ ಹೋಗುವ ರೈಲು ಸಮುದ್ರತಳಕ್ಕೂ ಕೆಳಗೆ ಓಡುತ್ತದೆ. ಹಳೆಯ ಸೂತ್ರದ ಒಂದು ಶಬ್ದವೂ ನಿರುಪಯುಕ್ತವಾಗಿಲ್ಲ.

ಹೆಚ್ಚು ವಿಚಾರ ಮಾಡಬೇಕಾದುದು ಕ್ಷೇತ್ರವೃದ್ಧಿಯನ್ನು. ಇಂದಿನ ಕುಟುಂಬಗಳಲ್ಲಿ ಇದು ನಡೆಯುವ ಬಗೆ ಹೀಗೆ: ತಾಯಿಯವರು ಎಂದೋ ಮುನಿಗಳ ಸನ್ನಿಧಿಯಲ್ಲಿ ‘ಭಾರತದ ಗಡಿಯಾಚೆ ಹೋಗುವುದಿಲ್ಲ’ ಎಂದು ಎಲ್ಲೆ ಕಟ್ಟಿಕೊಂಡಿರುತ್ತಾರೆ. ಮಗ ಪ್ರೀತಿಯಿಂದಲೇ ಎಲ್ಲರಿಗೂ ಟಿಕೆಟ್ ಮಾಡಿಸಿ, ಅನಂತರ ಹೇಳುತ್ತಾನೆ. ಹಣ ಮರಳಿ ಬರುವುದಿಲ್ಲ, ಮೊಮ್ಮಕ್ಕಳು ಅಳುತ್ತಾರೆ, ಸೊಸೆ ‘ಅತ್ತೆ, ಗುರುಗಳನ್ನು ಕೇಳಿ ಸ್ವಲ್ಪ ಹೆಚ್ಚಿಸಿಕೊಳ್ಳಿ’ ಎನ್ನುತ್ತಾಳೆ. ಆ ಹಿರಿಯರು ನಲವತ್ತು ವರ್ಷ ಯಾರಿಗೂ ಹೇಳಿಕೊಳ್ಳದೆ ಪಾಲಿಸಿದ ವ್ರತ ಒಂದು ಸಂಜೆಯ ಒತ್ತಾಯದಲ್ಲಿ ಮುರಿಯುತ್ತದೆ. ಮಗನಿಗೆ ದುರುದ್ದೇಶವಿರಲಿಲ್ಲ, ಮೊದಲೇ ಕೇಳಬೇಕೆಂಬುದು ಅವನಿಗೆ ಹೊಳೆಯಲಿಲ್ಲ, ಅಷ್ಟೇ. ಹಿರಿಯರ ನಿಯಮಗಳೇನೆಂದು ವಿಚಾರಿಸುವುದು ಟಿಕೆಟ್ಟಿಗಿಂತ ಮೊದಲಿನ ಕೆಲಸ. ಅವರು ಬರಲಾರೆವೆಂದರೆ ಆ ಮಾತನ್ನು ಗೌರವಿಸಿ, ಅದೇ ರಜೆಯಲ್ಲಿ ಅವರನ್ನು ಸಮ್ಮೇದಶಿಖರಕ್ಕೋ ಗಿರಿನಾರಿಗೋ ಕರೆದುಕೊಂಡು ಹೋಗಲು ಒಂದು ವಾರ ಎತ್ತಿಡಬೇಕು. ಅಮೆರಿಕದಲ್ಲಿರುವ ಮಗಳ ಬಾಣಂತನದಂತಹ ಕರ್ತವ್ಯದ ಪ್ರಶ್ನೆ ಬೇರೆ. ಅದನ್ನು ಗುರುಗಳ ಮುಂದಿಟ್ಟು ತೀರ್ಮಾನಿಸಬೇಕು. ಆದರೆ ವಿಹಾರಕ್ಕಾಗಿ ಎಲ್ಲೆ ಹಿಗ್ಗಿಸಿಕೊಳ್ಳಲು ಗುರುಗಳ ಅನುಮತಿ ಕೇಳುವುದು ಅವರನ್ನು ಸಂಕಟಕ್ಕೆ ಸಿಲುಕಿಸಿದಂತೆ.

ದಿಗ್ವ್ರತ ಸ್ವೀಕರಿಸದವರಿಗೆ ದೇಶವ್ರತವಿದೆ. ಅದು ಕಾಲಮಿತಿಯುಳ್ಳದ್ದು, ಒಂದು ದಿನಕ್ಕೂ ಕೈಗೊಳ್ಳಬಹುದು. ‘ಈ ದಿನ ಈ ನಗರದ ಎಲ್ಲೆ’ ಎಂದು ಪ್ರವಾಸದ ಪ್ರತಿ ಬೆಳಗ್ಗೆ ಸಂಕಲ್ಪ ಮಾಡಿಕೊಳ್ಳುವುದಕ್ಕೆ ಎರಡು ನಿಮಿಷ ಸಾಕು.

ಹೊರಡುವ ಮುನ್ನ ಕೈಗೊಂಡ ಪ್ರತಿಜ್ಞೆ ಎಷ್ಟು ಬಲ ಕೊಡುತ್ತದೆ ಎಂಬುದಕ್ಕೆ ಮಹಾತ್ಮ ಗಾಂಧಿಯವರ ಜೀವನವೇ ಸಾಕ್ಷಿ. 1888ರಲ್ಲಿ ಅವರು ಇಂಗ್ಲೆಂಡಿಗೆ ಹೊರಟಾಗ ತಾಯಿ ಪುತಳೀಬಾಯಿಯವರು ಅಂಜಿದರು. ಆಗ ಮದ್ಯ, ಮಾಂಸ, ಪರಸ್ತ್ರೀಸಂಗಗಳನ್ನು ಮುಟ್ಟುವುದಿಲ್ಲವೆಂಬ ಪ್ರತಿಜ್ಞೆಯನ್ನು ತರುಣನಿಗೆ ಬೋಧಿಸಿದವರು ಬೇಚರಜೀ ಸ್ವಾಮಿ ಎಂಬ ಜೈನ ಸಾಧುಗಳು. ಹಡಗಿನಲ್ಲಿ ಅವರು ಬಹುಮಟ್ಟಿಗೆ ಮನೆಯಿಂದ ತಂದ ಸಿಹಿತಿಂಡಿ, ಹಣ್ಣುಗಳ ಮೇಲೆ ದಿನ ಕಳೆದರು. ಲಂಡನ್ನಿನ ಫ್ಯಾರಿಂಗ್ಡನ್ ಬೀದಿಯ ಸಸ್ಯಾಹಾರಿ ಭೋಜನಾಲಯ ಸಿಗುವವರೆಗೆ ಅರೆಹೊಟ್ಟೆಯಲ್ಲಿದ್ದರು. ಪ್ರತಿಜ್ಞೆ ಮೊದಲೇ ಇದ್ದುದರಿಂದಲೇ ಅವರು ಆ ಭೋಜನಾಲಯವನ್ನು ಹುಡುಕಿದರು. ಹಡಗು ಇಳಿದ ಮೇಲೆ ಯೋಚಿಸಿದ್ದರೆ ಹುಡುಕುತ್ತಿರಲಿಲ್ಲ.

ಇನ್ನು ಕಾಗದಪತ್ರಗಳ ವಿಷಯ. ಪಾಸ್‌ಪೋರ್ಟಿನ ಅವಧಿ ಇನ್ನೂ ಆರು ತಿಂಗಳಿರಬೇಕೆಂದು ಅನೇಕ ದೇಶಗಳು ಕೇಳುತ್ತವೆ. ಯುರೋಪಿನ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಬೇಕು. ಅರ್ಜಿಯನ್ನು ಆರು ತಿಂಗಳು ಮೊದಲೇ ಸಲ್ಲಿಸಬಹುದು. ಔಷಧಗಳು ವೈದ್ಯರ ಚೀಟಿಯೊಡನೆ ಕೈಚೀಲದಲ್ಲೇ ಇರಲಿ.

ಆಹಾರದ ವಿಷಯ ಇಷ್ಟು ಸುಲಭವಲ್ಲ. ವಿಮಾನ ಸಂಸ್ಥೆಗಳಲ್ಲಿ ಜೈನ ಊಟಕ್ಕೆ ‘ವಿಜೆಎಂಎಲ್’ ಎಂಬ ಪ್ರತ್ಯೇಕ ಸಂಕೇತವಿದೆ. ಕೇವಲ ಸಸ್ಯಾಹಾರವೆಂದು ಕೇಳಿದರೆ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಬರುವುದು ಸಹಜ. ಜೈನ ಊಟವನ್ನು ಎಲ್ಲ ಸಂಸ್ಥೆಗಳೂ ಕೊಡುವುದಿಲ್ಲ. ಕೊಡುವವರೂ ಸಾಮಾನ್ಯವಾಗಿ ಕನಿಷ್ಠ ಇಪ್ಪತ್ತನಾಲ್ಕು ಗಂಟೆ ಮೊದಲು ತಿಳಿಸಬೇಕೆನ್ನುತ್ತಾರೆ. ನಡುವೆ ವಿಮಾನ ಬದಲಾಗುವುದಿದ್ದರೆ ಎರಡನೆಯ ಸಂಸ್ಥೆಗೂ ಕೋರಿಕೆ ತಲುಪಿದೆಯೇ ಎಂದು ನೋಡಬೇಕು. ಇಳಿದ ಮೇಲಿನ ಕಷ್ಟ ಇನ್ನೊಂದು ಬಗೆಯದು. ನಮ್ಮಲ್ಲಿ ಪೊಟ್ಟಣದ ಮೇಲೆ ಹಸಿರು ಚುಕ್ಕೆ ನೋಡಿ ಅಭ್ಯಾಸವಾಗಿದೆ. ಅಲ್ಲಿ ಸಣ್ಣ ಅಕ್ಷರಗಳನ್ನೇ ಓದಬೇಕು. ಇ-120 ಎಂದರೆ ಕೀಟದಿಂದ ತೆಗೆದ ಕೆಂಪು ಬಣ್ಣ. ಜೆಲಟಿನ್ ಪ್ರಾಣಿಜನ್ಯ. ಇಟಲಿಯ ಪಾರ್ಮಿಜಾನೊ ಚೀಸ್ ತಯಾರಾಗುವುದೇ ಕರುವಿನ ಜಠರದ ರೆನೆಟ್ಟಿನಿಂದ. ಪಾಸ್ತಾದ ಮೇಲೆ ಉದುರಿಸುವ ಪುಡಿಯನ್ನು ಯಾರೂ ಪ್ರಶ್ನಿಸುವುದಿಲ್ಲ. ಥಾಯ್ಲೆಂಡಿನಲ್ಲಿ ಬರಿಯ ತರಕಾರಿಯ ಬಾಣಲೆಗೂ ಮೀನಿನ ಸಾರ ಬೀಳುತ್ತದೆ. ಆದರೆ ಅದೇ ದೇಶದಲ್ಲಿ ‘ಜೇ’ ಎಂಬ ಆಹಾರ ಪದ್ಧತಿಯಿದೆ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಅದರ ಗುರುತು. ಮಾಂಸ, ಮೀನು, ಮೊಟ್ಟೆಗಳಷ್ಟೇ ಅಲ್ಲ, ಈರುಳ್ಳಿ ಬೆಳ್ಳುಳ್ಳಿಗಳೂ ಅದರಲ್ಲಿ ಇಲ್ಲ. ಕಂದಮೂಲ ಮತ್ತು ಅಣಬೆ ಬೇಡವೆಂದಷ್ಟೇ ಹೇಳಿದರೆ ಸಾಕು. ಪರದೇಶದ ಬೌದ್ಧರ ಅಡುಗೆಮನೆ ಶ್ರಾವಕನಿಗೆ ಇಷ್ಟು ಹತ್ತಿರವಿರುವುದನ್ನು ಅನೇಕರು ಅರಿಯದೆ ಹಸಿದು ತಿರುಗುತ್ತಾರೆ.

ಮನೆಯಿಂದ ಏನು ಒಯ್ಯಬೇಕು? ಹುರಿಟ್ಟು, ಅವಲಕ್ಕಿ, ಕಟಕ ರೊಟ್ಟಿ, ಬೆಳ್ಳುಳ್ಳಿ ಹಾಕದ ಶೇಂಗಾ ಚಟ್ನಿ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಹಿಟ್ಟಿಗೆ ಮಳೆಗಾಲದಲ್ಲಿ ಮೂರು, ಬೇಸಿಗೆಯಲ್ಲಿ ಐದು, ಚಳಿಗಾಲದಲ್ಲಿ ಏಳು ದಿನಗಳ ಮರ್ಯಾದೆ ಪಾಲಿಸುವವರು ತಮ್ಮ ಪ್ರವಾಸದ ದಿನಗಳನ್ನು ಅದಕ್ಕೆ ತಕ್ಕಂತೆ ಎಣಿಸಿಕೊಳ್ಳಬೇಕು. ಅಷ್ಟು ಬಿಗಿಯಾದ ಆಚಾರವುಳ್ಳವರಿಗೆ ದೀರ್ಘ ಪ್ರವಾಸ ಹೊಂದುವುದಿಲ್ಲವೆಂಬುದು ನೇರವಾದ ಮಾತು. ನೀರು ಗಾಳಿಸಲು ದಪ್ಪ ಹತ್ತಿಯ ಬಟ್ಟೆ ಮರೆಯಬಾರದು.

ತುಪ್ಪ, ಪೇಡೆಗಳ ವಿಷಯದಲ್ಲಿ ಮಾತ್ರ ಎಚ್ಚರಿಕೆ ಬೇಕು. ಭಾರತದಿಂದ ಹೋಗುವ ಪ್ರಯಾಣಿಕರು ಹಾಲಿನ ಪದಾರ್ಥಗಳನ್ನು ಐರೋಪ್ಯ ಒಕ್ಕೂಟದ ದೇಶಗಳಿಗಾಗಲಿ ಬ್ರಿಟನ್ನಿಗಾಗಲಿ ಒಯ್ಯುವಂತಿಲ್ಲ. ಸಸ್ಯಸ್ವಾಸ್ಥ್ಯದ ಪ್ರಮಾಣಪತ್ರವಿಲ್ಲದೆ ಮಾವಿನಹಣ್ಣನ್ನೂ ಒಕ್ಕೂಟದೊಳಕ್ಕೆ ಬಿಡುವುದಿಲ್ಲ. ಆದರೂ ತುಪ್ಪದ ಡಬ್ಬಿಯನ್ನು ಸೀರೆಯ ಮಡಿಕೆಯಲ್ಲಿ ಸುತ್ತಿ, ‘ಶುದ್ಧ ಆಹಾರಕ್ಕಾಗಿ ತಾನೆ?’ ಎನ್ನುವವರಿದ್ದಾರೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ‘ವಿರುದ್ಧರಾಜ್ಯಾತಿಕ್ರಮ’ ಎಂಬುದೊಂದುಂಟು. ರಾಜ್ಯದ ಕಟ್ಟಳೆಯನ್ನು ಮೀರಿ ಸರಕು ಸಾಗಿಸುವುದು ಅದರೊಳಗೇ ಬರುತ್ತದೆ. ಸುಂಕದ ಅಧಿಕಾರಿಯ ಮುಂದೆ ‘ಏನೂ ಇಲ್ಲ’ ಎಂದಾಗ ಸತ್ಯಾಣುವ್ರತವೂ ಹೋಯಿತು. ನಾಲಗೆಯ ಶುದ್ಧಿಗಾಗಿ ಎರಡು ಅಣುವ್ರತಗಳನ್ನು ತೆರುವುದು ಯಾವ ಲೆಕ್ಕದ ವ್ಯಾಪಾರ?

ರಾತ್ರಿಭೋಜನ ತ್ಯಾಗವು ಇನ್ನೂ ಸೂಕ್ಷ್ಮವಾದುದು. ಯುರೋಪಿಗೆ ಹೋಗುವ ಹಲವು ವಿಮಾನಗಳು ಬೆಂಗಳೂರಿನಿಂದ ನಡುರಾತ್ರಿಯ ಬಳಿಕ ಹೊರಡುತ್ತವೆ. ಹಾರಿದ ಸ್ವಲ್ಪ ಹೊತ್ತಿಗೆ ಬರುವ ತಟ್ಟೆಯ ಮೇಲೆ ‘ಜೈನ ಊಟ’ ಎಂಬ ಚೀಟಿಯೇನೋ ಇರುತ್ತದೆ, ಹೊರಗೆ ಕಗ್ಗತ್ತಲೆ. ಪಶ್ಚಿಮಕ್ಕೆ ಹಾರುವವರಿಗೆ ಇರುಳು ಇನ್ನಷ್ಟು ಗಂಟೆ ಹಿಗ್ಗುತ್ತದೆ. ಸಂಜೆ ಆರಕ್ಕೆ ಮೊದಲು ಮನೆಯಲ್ಲಿ ಉಂಡವರಿಗೆ ಮುಂದಿನ ಸೂರ್ಯೋದಯ ಬಹಳ ದೂರ. ಇದನ್ನು ಮೊದಲೇ ತಿಳಿದು ಹಗಲಿನ ವಿಮಾನವನ್ನು ಆರಿಸಿಕೊಳ್ಳಬಹುದು, ಇಲ್ಲವೇ ಅದಕ್ಕೆ ಮನಸ್ಸನ್ನು ಅಣಿಗೊಳಿಸಬಹುದು. ಸಕ್ಕರೆ ಕಾಯಿಲೆಯವರು, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿ, ಸಂಕಲ್ಪದಲ್ಲೇ ರೋಗಕಾಲದ ಆಗಾರವನ್ನು ಸೇರಿಸಿಕೊಳ್ಳಬೇಕು. ಹಾಗೆ ಮಾಡಿದರೆ ವ್ರತಕ್ಕೆ ಕುಂದಿಲ್ಲ. ವಿಮಾನದಲ್ಲಿ ತಲೆತಿರುಗಿ ಬಿದ್ದರೆ ಧರ್ಮಕ್ಕೆ ಕೀರ್ತಿಯೂ ಇಲ್ಲ.

ಜೂನ್ ತಿಂಗಳಲ್ಲಿ ಪ್ಯಾರಿಸ್ಸಿನ ಸೂರ್ಯಾಸ್ತ ರಾತ್ರಿ ಹತ್ತರ ಸುಮಾರಿಗೆ. ಡಿಸೆಂಬರಿನ ಲಂಡನ್ನಿನಲ್ಲಿ ಸಂಜೆ ನಾಲ್ಕಕ್ಕೆ ಮೊದಲೇ. ನಾರ್ವೆಯ ಉತ್ತರ ತುದಿಯಲ್ಲಿ ಆ ಬೇಸಿಗೆಯಲ್ಲಿ ಸೂರ್ಯ ಮುಳುಗುವುದೇ ಇಲ್ಲ. ‘ಇನ್ನೂ ಬೆಳಕಿದೆ’ ಎಂದು ಒಂಬತ್ತೂವರೆಗೆ ನಾಲ್ಕನೆಯ ಬಾರಿ ಉಣ್ಣಲು ಕುಳಿತರೆ ಅಕ್ಷರಶಃ ದೋಷವಿಲ್ಲದಿರಬಹುದು. ಆದರೆ ರಾತ್ರಿಭೋಜನ ತ್ಯಾಗದಲ್ಲಿ ಜೀವದಯೆಯೊಡನೆ ಇಂದ್ರಿಯನಿಗ್ರಹವೂ ಇದೆ. ಅಂತಹ ನಾಡಿನಲ್ಲಿ ‘ಏಳು ಗಂಟೆಯ ಮೇಲೆ ಏನನ್ನೂ ಸೇವಿಸುವುದಿಲ್ಲ’ ಎಂದು ಗಡಿಯಾರದ ಎಲ್ಲೆ ಹಾಕಿಕೊಳ್ಳುವುದು ಯುಕ್ತ. ಚಳಿಗಾಲದಲ್ಲಿ ಹೋಗುವವರು ಮಧ್ಯಾಹ್ನದ ಮೂರಕ್ಕೇ ಊಟ ಮುಗಿಸುವ ಏರ್ಪಾಡನ್ನು ಪ್ರವಾಸ ಸಂಸ್ಥೆಯಿಂದ ಮೊದಲೇ ಬರೆಸಿಕೊಳ್ಳಬೇಕು.

ಜಿನದರ್ಶನ ಮಾಡದೆ ಅನ್ನ ಮುಟ್ಟದವರು ಪ್ರವಾಸದ ಹಾದಿಯಲ್ಲಿ ಬಸದಿಗಳೆಲ್ಲಿವೆ ಎಂದು ಮೊದಲೇ ಗುರುತಿಸಿಕೊಳ್ಳಲಿ. ಇಂಗ್ಲೆಂಡಿನ ಲೆಸ್ಟರಿನಲ್ಲಿ 1988ರಲ್ಲಿ ಪ್ರತಿಷ್ಠೆಗೊಂಡ ಜಿನಾಲಯದಲ್ಲಿ ದಿಗಂಬರ, ಶ್ವೇತಾಂಬರ ಎರಡೂ ಆಮ್ನಾಯಗಳವರಿಗೆ ಒಂದೇ ಸೂರಿನಡಿ ಸ್ಥಳವಿದೆ. ಬೆಲ್ಜಿಯಮ್ಮಿನ ಆಂಟ್ವರ್ಪಿನಲ್ಲಿಯೂ ಜಪಾನಿನ ಕೋಬೆಯಲ್ಲಿಯೂ ಮಂದಿರಗಳಿವೆ. ಬಸದಿ ಸಿಗದ ಊರುಗಳ ದಿನಗಳಿಗೆ ಪರೋಕ್ಷ ದರ್ಶನದ ಅವಕಾಶವನ್ನು ಹೊರಡುವ ಮೊದಲೇ ಗುರುಗಳಿಂದ ಕೇಳಿಕೊಂಡಿರಬೇಕು. ಎಲ್ಲ ನಿಯಮಗಳನ್ನೂ ಒಂದು ಹಾಳೆಯಲ್ಲಿ ಬರೆದು ಪಾಸ್‌ಪೋರ್ಟಿನೊಡನೆ ಇಟ್ಟುಕೊಂಡರೆ ಸ್ಮೃತ್ಯಂತರಾಧಾನದ ಭಯವಿಲ್ಲ.

ಇಷ್ಟೆಲ್ಲ ಎಚ್ಚರ ವಹಿಸುವವರೂ ಒಂದು ಕಡೆ ಮೈಮರೆಯುತ್ತಾರೆ. ಅದು ದಿನಚರಿಯ ಪಟ್ಟಿ. ಥಾಯ್ಲೆಂಡಿನ ಪ್ಯಾಕೇಜುಗಳಲ್ಲಿ ಆನೆಸವಾರಿ, ಮೊಸಳೆಗಳ ಪ್ರದರ್ಶನ, ಹುಲಿಯ ಪಕ್ಕದಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳುವುದು ಇವೆಲ್ಲ ಸೇರಿರುವುದುಂಟು. ಆಲೂಗಡ್ಡೆಯ ಚೂರಿಗಾಗಿ ತಟ್ಟೆಯನ್ನು ಹಿಂದಕ್ಕೆ ಕಳುಹಿಸಿದ ಕುಟುಂಬ ಮಧ್ಯಾಹ್ನ ಅಂಕುಶದ ಭಯಕ್ಕೆ ಕುಣಿಯುವ ಆನೆಗೆ ಚಪ್ಪಾಳೆ ತಟ್ಟುತ್ತದೆ. ಬಂಧನ, ತಾಡನ, ಅತಿಭಾರ ಹೇರುವುದು ಇವು ಅಹಿಂಸಾಣುವ್ರತದ ಅತಿಚಾರಗಳೆಂದು ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದ ಮಕ್ಕಳೇ ಆ ಆನೆಯ ಬೆನ್ನ ಮೇಲೆ ಕುಳಿತಿರುತ್ತಾರೆ. ಮುಂಗಡ ಹಣ ಕೊಡುವ ಮೊದಲೇ ಪಟ್ಟಿಯನ್ನು ಮಕ್ಕಳ ಕೈಗೆ ಕೊಟ್ಟು ಯಾವುದನ್ನು ಹೊಡೆದುಹಾಕಬೇಕೆಂದು ಕೇಳಿದರೆ ಅವರೇ ಹೇಳುತ್ತಾರೆ. ಪ್ರವಾಸ ಸಂಸ್ಥೆಯವರು ಅದಕ್ಕೆ ಬದಲಾಗಿ ಬೇರೇನು ತೋರಿಸುತ್ತಾರೆಂಬುದನ್ನೂ ಆಗಲೇ ಬರೆಸಿಕೊಳ್ಳಬಹುದು.