ಸರ್ವರ್ ಬಿದ್ರೆ ಗಡುವು ಮುಂದಕ್ಕೆ, ನಿಮ್ಮ ಕಂಪ್ಯೂಟರ್ ಕೈಕೊಟ್ರೆ ದಂಡ ನಿಮಗೇ: ವಕ್ಕಲೇರಿ ಅಂಗಡಿಗಳಿಗೆ ಲಾಗಿನ್ ತಲೆನೋವು

ವಕ್ಕಲೇರಿ: ತಿಂಗಳ 20ನೇ ತಾರೀಖು ಹತ್ತಿರ ಬಂತು ಅಂದ್ರೆ ಸೈಬರ್ ಸೆಂಟರ್‌ಗಳಲ್ಲಿ ಕೇಳಿಬರೋ ಮಾತು ಒಂದೇ. ‘ಸರ್ವರ್ ಡೌನ್ ಅಣ್ಣಾ, ನಾಳೆ ಬಾ.’ ಅಂಗಡಿಯವರು ಸುಮ್ಮನೆ ವಾಪಸ್ ಬರ್ತಾರೆ. ಮಾರನೇ ದಿನವೂ ಅದೇ ಉತ್ತರ. ಅಷ್ಟರಲ್ಲಿ ಜಿಎಸ್‌ಟಿ ರಿಟರ್ನ್ಸ್ ಗಡುವು ಮುಗಿದಿರುತ್ತೆ.

ಆದರೆ ಪ್ರತಿ ಸಲವೂ ಸರ್ವರ್‌ದೇ ತಪ್ಪಾ? ಎಷ್ಟೋ ಸಲ ತೊಂದರೆ ಇರೋದು ಮನೆಯಲ್ಲೇ, ಮೇಜಿನ ಮೇಲಿರುವ ಕಂಪ್ಯೂಟರ್‌ನಲ್ಲಿ. ಕೆಲವು ಸಲ ಬೇರೆಯವರ ಜೇಬಿನಲ್ಲಿರುವ ಮೊಬೈಲ್‌ನಲ್ಲಿ. ಯಾವುದು ಅಂತ ಗೊತ್ತು ಮಾಡಿಕೊಳ್ಳದಿದ್ದರೆ ದುಡ್ಡು ಹೋಗೋದು ಅಂಗಡಿಯವರದ್ದೇ.

ಈಗ ಯಾಕೆ ಇದು ದೊಡ್ಡ ವಿಷಯ?

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ್ದು ಎಲ್ಲರಿಗೂ ನೆನಪಿದೆ. ಬೇಕರಿ, ಟೀ ಅಂಗಡಿ, ದಿನಸಿ ಅಂಗಡಿಗಳ ಮುಂದೆ ಕ್ಯೂಆರ್ ಕೋಡ್ ಕಿತ್ತು ‘ಕ್ಯಾಶ್ ಮಾತ್ರ’ ಅಂತ ಬೋರ್ಡ್ ಹಾಕಿದ್ದೂ ಆಗಲೇ. ಆಮೇಲೆ ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಜೊತೆ ಸಭೆ ನಡೆಸಿ, ಹಳೇ ಬಾಕಿ ವಸೂಲಿ ಮಾಡಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಬೇಕು ಅಂದರು.

ವರ್ಷಕ್ಕೆ 40 ಲಕ್ಷ ರೂಪಾಯಿ ಮೀರಿ ಸರಕು ಮಾರುವವರು, 20 ಲಕ್ಷ ಮೀರಿ ಸೇವೆ ಕೊಡುವವರು ಜಿಎಸ್‌ಟಿ ನೋಂದಣಿ ಮಾಡಿಸಲೇಬೇಕು. ಬರೀ ಹಾಲು, ತರಕಾರಿಯಂಥ ತೆರಿಗೆ ಇಲ್ಲದ ಸರಕು ಮಾರುವವರಿಗೆ ಇದು ಅನ್ವಯಿಸಲ್ಲ. ಮಿಕ್ಕವರಿಗೆ ನೋಂದಣಿ ಅಂದ್ರೆ ಒಂದು ದಿನದ ಕೆಲಸ ಅಲ್ಲ. ತಿಂಗಳಿಗೋ ಮೂರು ತಿಂಗಳಿಗೋ ಲಾಗಿನ್ ಆಗ್ತಾನೇ ಇರಬೇಕು. ಮಕ್ಕಳ ಆನ್‌ಲೈನ್ ಕ್ಲಾಸ್‌ಗೆ ಅಂತ ತಂದ ಹಳೇ ಕಂಪ್ಯೂಟರ್ ಈಗ ಅಂಗಡಿಯ ಲೆಕ್ಕದ ಪುಸ್ತಕ ಆಗಿಬಿಟ್ಟಿದೆ.

ಎರಡು ಥರದ ತೊಂದರೆ, ಎರಡು ಥರದ ನ್ಯಾಯ

ಸರ್ವರ್ ನಿಜವಾಗಲೂ ಬಿದ್ದ ಉದಾಹರಣೆಗಳಿವೆ. 2025ರ ಜನವರಿಯಲ್ಲಿ ರಿಟರ್ನ್ಸ್ ಗಡುವಿನ ಹೊತ್ತಿಗೇ ಜಿಎಸ್‌ಟಿ ಪೋರ್ಟಲ್ ಕೈಕೊಟ್ಟಿತು. ಆಗ ತಿಂಗಳ ಜಿಎಸ್‌ಟಿಆರ್-1 ಗಡುವನ್ನು 11ರಿಂದ 13ಕ್ಕೆ, 3ಬಿ ಗಡುವನ್ನು 20ರಿಂದ 22ಕ್ಕೆ ಮುಂದೂಡಲಾಯಿತು. ಅದೇ ಸಮಯದಲ್ಲಿ ರಾಜ್ಯದ ಕಾವೇರಿ 2.0 ಸಹ ಕೈಕೊಟ್ಟು ಸಬ್ ರಿಜಿಸ್ಟ್ರಾರ್ ಕಚೇರಿಗಳಲ್ಲಿ ಜನ ಕಾದು ಕಾದು ಸುಸ್ತಾಗಿದ್ದರು. ಅದು ಬೇಕಂತಲೇ ಮಾಡಿದ ಡಿಡಿಒಎಸ್ ದಾಳಿ, ಅಂದರೆ ಸುಳ್ಳು ಕೋರಿಕೆಗಳನ್ನು ರಾಶಿ ರಾಶಿ ಸುರಿದು ಪೋರ್ಟಲ್ ಉಸಿರುಗಟ್ಟಿಸುವ ಕೆಲಸ ಅಂತ ಸರ್ಕಾರ ಹೇಳಿ, ಸೈಬರ್ ಅಪರಾಧ ಪೊಲೀಸರಿಗೆ ದೂರು ಕೊಟ್ಟಿತು.

ಇಂಥ ಹೊತ್ತಲ್ಲಿ ಮನೆಯಲ್ಲಿ ಕೂತು ಏನು ಮಾಡಿದರೂ ಪ್ರಯೋಜನ ಇಲ್ಲ. ಆದರೆ ಎಲ್ಲರಿಗೂ ತೊಂದರೆ ಆದಾಗ ಗಡುವು ಮುಂದಕ್ಕೆ ಹೋಗುತ್ತೆ. ನಿಮ್ಮೊಬ್ಬರ ಕಂಪ್ಯೂಟರ್ ಕೆಟ್ಟರೆ ಯಾರೂ ಮುಂದೂಡಲ್ಲ. 3ಬಿ ತಡವಾದರೆ ದಿನಕ್ಕೆ 50 ರೂಪಾಯಿ, ವ್ಯಾಪಾರವೇ ಇಲ್ಲದ ‘ನಿಲ್’ ರಿಟರ್ನ್ಸ್‌ಗೂ ದಿನಕ್ಕೆ 20 ರೂಪಾಯಿ ದಂಡ. ವಾರ್ಷಿಕ ವಹಿವಾಟು ಒಂದೂವರೆ ಕೋಟಿ ಒಳಗಿದ್ದರೆ ಒಂದು ರಿಟರ್ನ್ಸ್‌ಗೆ ಗರಿಷ್ಠ 2,000, ನಿಲ್ ಆದರೆ 500. ಕಟ್ಟಬೇಕಾದ ತೆರಿಗೆ ಉಳಿದಿದ್ದರೆ ಅದರ ಮೇಲೆ ವರ್ಷಕ್ಕೆ ಶೇ 18 ಬಡ್ಡಿ ಬೇರೆ. ಹಾಗಾಗಿ ‘ತೊಂದರೆ ಯಾರದ್ದು’ ಅನ್ನೋದೇ ಮೊದಲ ಪ್ರಶ್ನೆ.

ಎರಡು ನಿಮಿಷದ ಪರೀಕ್ಷೆ

ಇದಕ್ಕೆ ಯಾವ ಇಂಜಿನಿಯರೂ ಬೇಡ. ಮೊಬೈಲ್‌ನಲ್ಲಿ ವೈಫೈ ಆಫ್ ಮಾಡಿ, ಸಿಮ್‌ನ ಡೇಟಾದಲ್ಲಿ ಅದೇ ಪೋರ್ಟಲ್ ತೆರೆಯಬೇಕು. ಅಲ್ಲೂ ತೆರೆಯಲಿಲ್ಲ, ಪಕ್ಕದ ಅಂಗಡಿಯವರಿಗೂ ತೆರೆಯಲಿಲ್ಲ ಅಂದ್ರೆ ತೊಂದರೆ ಸರ್ವರ್‌ದು. ಆಗ ದಿನಾಂಕ, ಸಮಯ ಕಾಣುವ ಹಾಗೆ ಪರದೆಯ ಫೋಟೋ ಇಟ್ಟುಕೊಳ್ಳಿ. ಜಿಎಸ್‌ಟಿ ಸಹಾಯವಾಣಿ 1800-103-4786ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ನಾಳೆ ವಿವರಣೆ ಕೊಡಬೇಕಾಗಿ ಬಂದರೆ ಕೈಯಲ್ಲಿ ಇರೋದು ಅದೊಂದೇ ಸಾಕ್ಷಿ.

ಮೊಬೈಲ್‌ನಲ್ಲಿ ತೆರೆಯುತ್ತೆ, ಕಂಪ್ಯೂಟರ್‌ನಲ್ಲಿ ಮಾತ್ರ ಇಲ್ಲ ಅಂದ್ರೆ ಸರ್ವರ್‌ನ ಬೈಯೋದು ಬಿಟ್ಟು ಕಂಪ್ಯೂಟರ್ ಕಡೆ ತಿರುಗಬೇಕು.

ಗಡಿಯಾರದ ಸೆಲ್‌ನಿಂದ ನಿಂತುಹೋಗುವ ಲಾಗಿನ್

ಮೊದಲು ನೋಡಬೇಕಾದ್ದು ಪರದೆಯ ಮೂಲೆಯಲ್ಲಿರುವ ತಾರೀಖು. ಹಳೇ ಡೆಸ್ಕ್‌ಟಾಪ್‌ಗಳ ಮದರ್‌ಬೋರ್ಡ್ ಮೇಲೆ ನಾಣ್ಯದಂಥ ಒಂದು ಸಣ್ಣ ಸೆಲ್ ಇರುತ್ತೆ, ಸಿಆರ್ 2032 ಅಂತ. ಅದು ಸತ್ತರೆ ಪ್ರತಿ ಸಲ ಕರೆಂಟ್ ಹೋದಾಗಲೂ ಕಂಪ್ಯೂಟರ್ ಎಷ್ಟೋ ವರ್ಷ ಹಿಂದಿನ ತಾರೀಖಿಗೆ ಹೋಗಿ ಕೂರುತ್ತೆ. ಪ್ರತಿ ವೆಬ್‌ಸೈಟ್‌ಗೂ ಇಂತಿಷ್ಟು ದಿನ ಚಾಲ್ತಿ ಅಂತ ಒಂದು ಭದ್ರತಾ ಪ್ರಮಾಣಪತ್ರ ಇರುತ್ತೆ. ಕಂಪ್ಯೂಟರ್ ತಾರೀಖು ತಪ್ಪಿದ್ದರೆ ಆ ಪತ್ರ ಚಾಲ್ತಿಯಲ್ಲಿಲ್ಲ ಅಂತ ತಿಳಿದು ಬ್ರೌಸರ್ ಬಾಗಿಲು ಹಾಕಿಬಿಡುತ್ತೆ. ‘ಯುವರ್ ಕನೆಕ್ಷನ್ ಈಸ್ ನಾಟ್ ಪ್ರೈವೇಟ್’ ಅನ್ನೋ ಎಚ್ಚರಿಕೆ ಬರೋದಕ್ಕೆ ಇದೂ ಒಂದು ಕಾರಣ. ತಾರೀಖು ಸರಿ ಮಾಡಿದರೆ ಆಗಲೇ ಸರಿಹೋಗುತ್ತೆ, ಸೆಲ್ ಬದಲಿಸಿದರೆ ಮತ್ತೆ ಮತ್ತೆ ಕಾಡಲ್ಲ. ತಾರೀಖು ಸರಿಯಿದ್ದೂ ಅದೇ ಎಚ್ಚರಿಕೆ ಬರ್ತಿದ್ದರೆ ಮಾತ್ರ ಒತ್ತಿ ಮುಂದೆ ಹೋಗಬೇಡಿ.

ಎರಡನೇದು ಬ್ರೌಸರ್. ಹಳೇ ಕುಕೀಗಳು ಕೂತುಕೊಂಡಿದ್ದರೆ ಸರಿಯಾದ ಪಾಸ್‌ವರ್ಡ್ ಹಾಕಿದರೂ ಮತ್ತೆ ಮೊದಲ ಪುಟಕ್ಕೇ ತಂದು ನಿಲ್ಲಿಸುವುದುಂಟು. ಇನ್‌ಕಾಗ್ನಿಟೋ ಕಿಟಕಿಯಲ್ಲಿ ತೆರೆದು ನೋಡಿ. ಅಲ್ಲಿ ಲಾಗಿನ್ ಆದರೆ ಆ ಸೈಟಿನ ಕುಕೀ, ಕ್ಯಾಶೆ ಅಳಿಸಿದರೆ ಸಾಕು.

ಮೂರನೇದು ವಿಂಡೋಸ್. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ 2020ರ ಜನವರಿ 14ರಂದೇ ಕೈ ಎತ್ತಿದೆ. ಅದರಲ್ಲಿ ಕ್ರೋಮ್ ಕೂಡ 2023ರಲ್ಲಿ ಬಂದ 109ನೇ ಆವೃತ್ತಿಗೇ ನಿಂತುಹೋಗಿದೆ. ವಿಂಡೋಸ್ 10ರ ಸರದಿ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗೆ ನೋಂದಾಯಿಸಿಕೊಂಡ ಮನೆ ಬಳಕೆದಾರರಿಗೆ ಮಾತ್ರ 2026ರ ಅಕ್ಟೋಬರ್‌ವರೆಗೆ ಅವಕಾಶ. ಕಂಪ್ಯೂಟರ್ ಆನ್ ಆಗುತ್ತೆ ಅನ್ನೋದೇ ಅದು ಸುರಕ್ಷಿತ ಅನ್ನೋದಕ್ಕೆ ಗ್ಯಾರಂಟಿ ಅಲ್ಲ.

ಆಂಟಿವೈರಸ್ ಆಫ್ ಮಾಡೋದು ಪರಿಹಾರ ಅಲ್ಲ

ಲಾಗಿನ್ ಆಗ್ಲಿಲ್ಲ ಅಂದ ಕೂಡಲೇ ‘ಆಂಟಿವೈರಸ್ ಆಫ್ ಮಾಡಿ’ ಅಂತ ಯಾರಾದರೂ ಹೇಳೇ ಹೇಳ್ತಾರೆ. ಅದರಲ್ಲಿ ಅರ್ಧ ಸತ್ಯ ಇದೆ. ಕೆಲವು ಆಂಟಿವೈರಸ್‌ಗಳು ಬ್ರೌಸರ್‌ಗೂ ವೆಬ್‌ಸೈಟ್‌ಗೂ ನಡುವೆ ನಿಂತು ಎಲ್ಲವನ್ನೂ ಪರೀಕ್ಷಿಸ್ತವೆ. ಹಳೇದಾದರೆ ಅಥವಾ ಅವಧಿ ಮುಗಿದಿದ್ದರೆ ಸರಿಯಾದ ಸೈಟನ್ನೂ ತಡೆಯೋದುಂಟು. ಒಂದೇ ಕಂಪ್ಯೂಟರ್‌ನಲ್ಲಿ ಎರಡು ಆಂಟಿವೈರಸ್ ಇದ್ದರಂತೂ ಒಂದಕ್ಕೊಂದು ಜಗಳ, ಕಂಪ್ಯೂಟರ್ ಆಮೆ ನಡಿಗೆ.

ಡಿಜಿಟಲ್ ಸಹಿಯ ಡಾಂಗಲ್ ಬಳಸುವವರಿಗೆ ಇನ್ನೊಂದು ಕಾಟ. ಸಹಿ ಹಾಕಲು ಬೇಕಾದ ಎಮ್‌ಸೈನರ್ ತಂತ್ರಾಂಶವನ್ನು ಆಂಟಿವೈರಸ್ ಅಥವಾ ಫೈರ್‌ವಾಲ್ ತಡೆಯುತ್ತೆ. ಇಲ್ಲಿ ಗೊತ್ತಿರಬೇಕಾದ ವಿಷಯ ಏನಂದ್ರೆ, ಜಿಎಸ್‌ಟಿಯಲ್ಲಿ ಡಾಂಗಲ್ ಕಡ್ಡಾಯ ಇರೋದು ಕಂಪನಿ ಮತ್ತು ಎಲ್‌ಎಲ್‌ಪಿಗಳಿಗೆ. ಒಬ್ಬರೇ ಮಾಲೀಕರಿರುವ ಅಂಗಡಿಗೆ ಮೊಬೈಲ್‌ಗೆ ಬರುವ ಒಟಿಪಿ, ಅಂದರೆ ಇವಿಸಿ ಸಾಕು.

ಹಾಗಾದರೆ ಮಾಡಬೇಕಾದ್ದೇನು? ಅವಧಿ ಮುಗಿದದ್ದನ್ನು ನವೀಕರಿಸಿ, ಇಲ್ಲ ಪೂರ್ತಿ ತೆಗೆದುಹಾಕಿ. ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಆಗ ತಾನಾಗೇ ಕಾವಲಿಗೆ ನಿಲ್ಲುತ್ತೆ. ಒಂದು ತಂತ್ರಾಂಶಕ್ಕೆ ತಡೆ ಇದ್ದರೆ ಅದೊಂದಕ್ಕೆ ಮಾತ್ರ ವಿನಾಯಿತಿ ಕೊಡಿ. ಕಾವಲುಗಾರನನ್ನೇ ಮನೆಗೆ ಕಳಿಸಿ ಅದೇ ಕಂಪ್ಯೂಟರ್‌ನಲ್ಲಿ ನೆಟ್ ಬ್ಯಾಂಕಿಂಗ್ ಮಾಡೋದು ಬೇಡ. ವೈರಸ್ ಅನುಮಾನ ಇದ್ದರೆ ಕೇಂದ್ರ ಸರ್ಕಾರ 2017ರಲ್ಲಿ ಶುರು ಮಾಡಿದ ಸೈಬರ್ ಸ್ವಚ್ಛತಾ ಕೇಂದ್ರದ ಸೈಟಿನಲ್ಲಿ ಶುಚಿ ಮಾಡುವ ಟೂಲ್‌ಗಳು ಉಚಿತವಾಗಿ ಸಿಗ್ತವೆ.

ಬೀಗ ನಿಮ್ಮದು, ಬೀಗದ ಕೈ ಯಾರ ಹತ್ತಿರ?

ಕಂಪ್ಯೂಟರ್ ಸರಿ ಇದೆ, ಸರ್ವರ್ ಸರಿ ಇದೆ, ಆದರೂ ಲಾಗಿನ್ ಆಗ್ತಿಲ್ಲ. ಒಟಿಪಿ ಬರ್ತಿಲ್ಲ. ಅದು ಹೋಗ್ತಿರೋದು ನೋಂದಣಿ ಮಾಡಿಸಿಕೊಟ್ಟವರ ಮೊಬೈಲ್‌ಗೆ! ಇದು ಇವತ್ತಿನ ಕಥೆ ಅಲ್ಲ. ಮಧ್ಯವರ್ತಿಗಳು ತಮ್ಮದೇ ಇಮೇಲ್, ಮೊಬೈಲ್ ನಂಬರ್ ಹಾಕಿ ನೋಂದಣಿ ಮಾಡಿಸಿ, ಆಮೇಲೆ ಪಾಸ್‌ವರ್ಡ್ ಕೊಡ್ತಿಲ್ಲ ಅಂತ ದೇಶದ ಎಲ್ಲ ಕಡೆಯಿಂದ ದೂರು ಬಂದು, 2018ರಲ್ಲೇ ಕೇಂದ್ರ ಹಣಕಾಸು ಸಚಿವಾಲಯ ಇದಕ್ಕೊಂದು ದಾರಿ ಹೇಳಿತ್ತು.

ವ್ಯಾಪಾರಿ ತನ್ನ ವ್ಯಾಪ್ತಿಯ ತೆರಿಗೆ ಅಧಿಕಾರಿ ಬಳಿ ಜಿಎಸ್‌ಟಿ ಸಂಖ್ಯೆ ಮತ್ತು ಅಂಗಡಿ ತನ್ನದೇ ಅನ್ನೋ ದಾಖಲೆ ತೆಗೆದುಕೊಂಡು ಹೋಗಬೇಕು. ಅಧಿಕಾರಿ ಪರಿಶೀಲಿಸಿ ಹೊಸ ಇಮೇಲ್, ಮೊಬೈಲ್ ನಂಬರ್ ದಾಖಲಿಸಿ ಪಾಸ್‌ವರ್ಡ್ ಮರುಹೊಂದಿಸ್ತಾರೆ. ಹೊಸ ಇಮೇಲ್‌ಗೆ ಯೂಸರ್ ನೇಮ್, ತಾತ್ಕಾಲಿಕ ಪಾಸ್‌ವರ್ಡ್ ಬರುತ್ತೆ. ಈಗಲೂ ಲಾಗಿನ್ ಆಗುವವರು ಇಷ್ಟು ದೂರ ಹೋಗಬೇಕಿಲ್ಲ, ಪೋರ್ಟಲ್‌ನಲ್ಲೇ ನಂಬರ್ ಬದಲಿಸಬಹುದು.

ಇ-ವೇ ಬಿಲ್ ತೆಗೆಯುವವರಿಗೆ ಇದು ಇನ್ನೂ ಬಿಸಿ ವಿಷಯ. 2025ರ ಏಪ್ರಿಲ್ 1ರಿಂದ ಅಲ್ಲಿ ಎಲ್ಲರಿಗೂ ಪಾಸ್‌ವರ್ಡ್ ಜೊತೆ ಒಟಿಪಿ ಕಡ್ಡಾಯ. ಲೋಡ್ ಆಗಿ ಗಾಡಿ ನಿಂತಿರುತ್ತೆ, ಒಟಿಪಿ ಬೇರೆ ಊರಲ್ಲಿರುವವರ ಫೋನಿಗೆ ಹೋಗಿರುತ್ತೆ, ಅವರು ಫೋನ್ ಎತ್ತಲ್ಲ. ಅಲ್ಲಿ ‘ಸಬ್ ಯೂಸರ್’ ಅಂತ ಅವಕಾಶ ಇದೆ. ಕೆಲಸ ಮಾಡಿಕೊಡುವವರಿಗೆ ಅವರದ್ದೇ ನಂಬರ್‌ನಲ್ಲಿ ಬೇರೆ ಲಾಗಿನ್ ಕೊಟ್ಟು, ಮೂಲ ಲಾಗಿನ್ ಮಾಲೀಕರು ಇಟ್ಟುಕೊಳ್ಳಬಹುದು.

ಲೆಕ್ಕ ಬರೆಯುವವರೆಲ್ಲ ಮೋಸಗಾರರು ಅಂತಲ್ಲ. ಅವರಿಲ್ಲದಿದ್ದರೆ ಎಷ್ಟೋ ಅಂಗಡಿಗಳ ರಿಟರ್ನ್ಸೇ ಹೋಗಲ್ಲ. ಆದರೆ ಗಲ್ಲಾಪೆಟ್ಟಿಗೆ ಬೀಗದ ಕೈ ಎಷ್ಟೇ ನಂಬಿಕಸ್ಥರಾದರೂ ಪೂರ್ತಿ ಕೊಟ್ಟುಬಿಡಲ್ಲ ಅಲ್ವಾ? ಇದೂ ಹಾಗೇ.

ಗಾಬರಿಯಲ್ಲಿ ಸಿಕ್ಕಿಬೀಳೋದು ಹೀಗೆ

ಲಾಗಿನ್ ಆಗದೆ ತಲೆಬಿಸಿಯಾಗಿರುವವರೇ ವಂಚಕರಿಗೆ ಬೇಕು. ‘ನಿಮ್ಮ ಕಂಪ್ಯೂಟರ್‌ಗೆ ವೈರಸ್ ಬಂದಿದೆ, ಈ ನಂಬರ್‌ಗೆ ಕರೆ ಮಾಡಿ’ ಅಂತ ಪರದೆ ತುಂಬ ಕೆಂಪು ಸಂದೇಶ ಬಂದರೆ ಅದು ಆಂಟಿವೈರಸ್ ಅಲ್ಲ, ಬಲೆ. ಕರೆ ಮಾಡಿದರೆ ಎನಿಡೆಸ್ಕ್‌ನಂಥ ಆ್ಯಪ್ ಹಾಕಿಸಿ ಕಂಪ್ಯೂಟರ್ ಪೂರ್ತಿ ಅವರ ಕೈಗೆ ತಗೊಳ್ತಾರೆ. ಈ ಆ್ಯಪ್ ಮೂಲಕ ನಡೆಯುವ ವಂಚನೆ ಬಗ್ಗೆ ರಿಸರ್ವ್ ಬ್ಯಾಂಕ್ 2019ರಲ್ಲೇ ಎಚ್ಚರಿಸಿತ್ತು. ಸಹಾಯವಾಣಿ ನಂಬರ್‌ನ ಗೂಗಲ್‌ನಲ್ಲಿ ಹುಡುಕಬೇಡಿ, ಪೋರ್ಟಲ್ ಪುಟದಲ್ಲೇ ನೋಡಿ. ವಿಳಾಸದ ಕೊನೆ ಜಿಒವಿ ಡಾಟ್ ಇನ್ ಅಂತ ಇದೆಯಾ ಗಮನಿಸಿ. ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ. ಬ್ಯಾಂಕ್ ಖಾತೆಯಲ್ಲಿ ಹಣ ತಡೆಹಿಡಿಯೋ ಅವಕಾಶ ಮೊದಲ ಗಂಟೆಗಳಲ್ಲೇ ಹೆಚ್ಚು.

ಹೊಣೆ ಬರೀ ಅಂಗಡಿಯವರದ್ದಾ?

ಸರ್ಕಾರ ಎಲ್ಲವನ್ನೂ ಪೋರ್ಟಲ್‌ಗೆ ತಂದಿದೆ. ಕೌಂಟರ್ ಮುಂದೆ ಕ್ಯೂ ನಿಲ್ಲೋದು ತಪ್ಪಿತು, ಅದು ನಿಜ. ಆದರೆ ಕೌಂಟರ್ ಕೆಟ್ಟರೆ ರಿಪೇರಿ ಮಾಡಿಸೋದು ಇಲಾಖೆ ಕೆಲಸ ಆಗಿತ್ತು. ಈಗ ಕೌಂಟರ್ ಅಂಗಡಿಯವರ ಮನೆಯಲ್ಲೇ ಇದೆ, ರಿಪೇರಿ ಖರ್ಚೂ ಅವರದ್ದೇ, ತಡವಾದರೆ ದಂಡವೂ ಅವರದ್ದೇ. ನೋಂದಣಿ ಮಾಡಿಸಿ ಅನ್ನುವ ಇಲಾಖೆ, ವಕ್ಕಲೇರಿಯಂಥ ಹೋಬಳಿ ಕೇಂದ್ರಕ್ಕೆ ಗಡುವಿನ ಮುಂಚಿನ ವಾರದಲ್ಲಿ ಒಂದು ದಿನವಾದರೂ ಒಬ್ಬ ಸಿಬ್ಬಂದಿ ಕಳಿಸಿ, ನಂಬರ್ ಬದಲಾವಣೆ, ಪಾಸ್‌ವರ್ಡ್ ಮರುಹೊಂದಿಸುವ ಅರ್ಜಿ ಅಲ್ಲೇ ತಗೊಂಡರೆ, ಅಂಗಡಿ ಬಾಗಿಲು ಹಾಕಿ ಕೋಲಾರಕ್ಕೆ ಹೋಗೋದು ತಪ್ಪುತ್ತೆ. ವರ್ತಕರು ಒಟ್ಟಾಗಿ ಕೇಳಬೇಕಾದ್ದು ಇದನ್ನೇ.

ಅದು ಆಗೋವರೆಗೆ ಕೆಲಸ ಇಷ್ಟೇ. 20ನೇ ತಾರೀಖಿನವರೆಗೆ ಕಾಯದೆ, ವ್ಯಾಪಾರ ಕಮ್ಮಿ ಇರುವ ಒಂದು ಮಧ್ಯಾಹ್ನ ಕೂತು ಒಮ್ಮೆ ಲಾಗಿನ್ ಆಗಿ ನೋಡಿ. ಒಟಿಪಿ ಯಾರ ಫೋನಿಗೆ ಬಂತು ಅಂತ ಗಮನಿಸಿ. ಪಕ್ಕದವರ ಫೋನ್ ಸದ್ದು ಮಾಡಿದರೆ, ಮೊದಲು ರಿಪೇರಿ ಆಗಬೇಕಾದ್ದು ಅದು.